‘ಡ್ರಾ ದ ಲೈನ್’ ಎನ್ನುವುದಕ್ಕೆ ನಮ್ಮಲ್ಲೊಂದು ‘ಮಾತ್ರ’ ಇದೆ

ಪ್ರಶ್ನೆ: ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಇಮೇಲ್‌ನಲ್ಲಿ ‘ಐ ಡೋಂಟ್ ಮೈಂಡ್ ವರ್ಕಿಂಗ್ ಲೇಟ್, ಬಟ್ ಐ ಡ್ರಾ ದ ಲೈನ್ ಅಟ್ ಸಂಡೇಸ್’ ಎಂದು ಬರೆದಿದ್ದರು. ಭಾನುವಾರ ಬರುವುದಿಲ್ಲ ಎಂಬುದೇನೋ ತಿಳಿಯಿತು. ನಾನೂ ಮೇಲಧಿಕಾರಿಗೆ ಹೀಗೆ ಬರೆಯಬಹುದೇ? ಊಟಕ್ಕೆ ಕರೆದವರು ಮತ್ತೆ ಮತ್ತೆ ಬಡಿಸಿದಾಗಲೂ ಇದನ್ನೇ ಹೇಳಬಹುದೇ?

ಉತ್ತರ: ನೀವು ಅರ್ಥವನ್ನು ಸರಿಯಾಗಿಯೇ ಹಿಡಿದಿದ್ದೀರಿ. ಆದರೆ ಆ ವಾಕ್ಯದ ಮೊದಲರ್ಧವನ್ನು ಇನ್ನೊಮ್ಮೆ ಓದಿ. ಸಂಜೆ ತಡವಾದರೂ ಕೆಲಸ ಮಾಡುತ್ತೇನೆ ಎಂದು ಅವರು ಮೊದಲು ಒಪ್ಪಿಕೊಂಡಿದ್ದಾರೆ. ‘ಡ್ರಾ ದ ಲೈನ್’ ಸಾಮಾನ್ಯವಾಗಿ ಬರುವುದು ಹೀಗೆ, ಒಂದಷ್ಟಕ್ಕೆ ಒಪ್ಪಿದ ಮೇಲೆ. ಕನ್ನಡದಲ್ಲಿ ನಾವು ಇದೇ ಕೆಲಸವನ್ನು ಒಂದು ಪುಟ್ಟ ಪದದಿಂದ ಮಾಡಿಸುತ್ತೇವೆ: ‘ಎಷ್ಟು ಹೊತ್ತಾದರೂ ಇರುತ್ತೇನೆ, ಭಾನುವಾರ ಮಾತ್ರ ಆಗುವುದಿಲ್ಲ.’ ಆ ‘ಮಾತ್ರ’ವೇ ಇಂಗ್ಲಿಷಿನ ಗೆರೆ. ಅನುವಾದಿಸುವಾಗ ‘ಗೆರೆ ಎಳೆಯುತ್ತೇನೆ’ ಎಂದು ದಯವಿಟ್ಟು ಬರೆಯಬೇಡಿ. ಪತ್ರಿಕೆಗಳಲ್ಲಿ ಅದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ‘ಲಕ್ಷ್ಮಣರೇಖೆ’ಯೂ ಇಲ್ಲಿ ಹೊಂದುವುದಿಲ್ಲ. ಅದು ಸೀತೆಗಾಗಿ ಲಕ್ಷ್ಮಣ ಎಳೆದದ್ದು. ಇದು ನಮಗೆ ನಾವೇ ಹಾಕಿಕೊಳ್ಳುವ ಮಿತಿ.

ಬಳಸುವಾಗ ‘ಅಟ್’ ಮರೆಯಬೇಡಿ. ‘ಭಾನುವಾರದ ಕೆಲಸಕ್ಕೆ ಒಪ್ಪುವುದಿಲ್ಲ’ ಎಂದು ಯೋಚಿಸುವ ನಮಗೆ ಆ ‘ಕ್ಕೆ’ಯ ಜಾಗದಲ್ಲಿ ‘ಟು’ ಬಂದುಬಿಡುತ್ತದೆ. ‘ಡ್ರಾ ದ ಲೈನ್ ಟು ವರ್ಕ್’ ತಪ್ಪು, ‘ಅಟ್ ವರ್ಕಿಂಗ್ ಆನ್ ಸಂಡೇಸ್’ ಸರಿ. ‘ಡ್ರಾ ಎ ಲೈನ್ ಅಂಡರ್’ ಬೇರೆಯದೇ ಮಾತು: ಆದದ್ದಾಯಿತು, ಇದನ್ನು ಇಲ್ಲಿಗೆ ಮುಗಿಸಿ ಮುಂದೆ ಹೋಗೋಣ ಎಂದರ್ಥ. ‘ಟೋ ದ ಲೈನ್’ ಅಂತೂ ತದ್ವಿರುದ್ಧ, ಹೇಳಿದಂತೆ ಕೇಳಿಕೊಂಡಿರುವುದು.

ಮೇಲಧಿಕಾರಿಗೆ ಬರೆಯಬಹುದೇ? ಇದು ಒರಟು ಮಾತಲ್ಲ, ಆದರೆ ಕಡ್ಡಿ ಮುರಿದಂತೆ ಹೇಳುವ ಮಾತು. ನಾಲ್ಕು ಭಾನುವಾರ ಹೋಗಿ ಬಂದು, ಐದನೆಯದಕ್ಕೂ ಕರೆ ಬಂದಿದ್ದರೆ ಧೈರ್ಯವಾಗಿ ಬರೆಯಿರಿ. ಮೊದಲ ಸಲವೇ ಆಗಿದ್ದರೆ ‘ಐ ಆಮ್ ಅಫ್ರೇಡ್ ಐ ಕಾಂಟ್ ಡು ಸಂಡೇಸ್’ ಸಾಕು. ಇಲ್ಲಿ ‘ಅಫ್ರೇಡ್’ ಎಂದರೆ ಹೆದರಿಕೆಯಲ್ಲ, ‘ಕ್ಷಮಿಸಿ’ ಎಂಬ ವಿನಯ.

ಊಟದ ಮನೆಯಲ್ಲಿ ಮಾತ್ರ ಇದು ಬೇಡ. ಮದುವೆಮನೆಯ ಪಂಕ್ತಿಯಲ್ಲಿ ಮೂರನೆಯ ಹೋಳಿಗೆ ಬರುವಾಗ ನಾವು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, ಬಾಗಿ, ‘ಸಾಕು, ಸಾಕು’ ಎನ್ನುತ್ತೇವಲ್ಲ, ಆ ಅಕ್ಕರೆಯ ನಿರಾಕರಣೆಗೆ ‘ಡ್ರಾ ದ ಲೈನ್’ ತೀರಾ ಬಿರುಸು. ‘ನೋ ಮೋರ್ ಫಾರ್ ಮಿ, ಥ್ಯಾಂಕ್ಸ್, ಇಟ್ ವಾಸ್ ಲವ್ಲಿ’ ಎನ್ನಿ. ಅಮೆರಿಕದವರ ಮನೆಯಲ್ಲಿ ‘ಐ ಆಮ್ ಗುಡ್’ ಎಂದರೂ ಸಾಕು ಎಂದೇ ಅರ್ಥ. ನೀವು ಬಡಿಸುವಾಗ ಅತಿಥಿ ಹಾಗೆಂದರೆ ಇನ್ನೊಂದು ಸೌಟು ಹಾಕಬೇಡಿ.