ಚಳಿಗಾಲಕ್ಕೆ ಕುದುರೆಯ ಕಾಲಿನ ಕೂದಲು ತೆಗೆಸಬೇಕೆ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಮಗಳ ಸವಾರಿಗೆಂದು ಕಾಬ್ ಎಂಬ ಗಟ್ಟಿಮುಟ್ಟಾದ, ಗಿಡ್ಡ ಬಗೆಯ ಒಂದು ಕುದುರೆ ಸಾಕಿದ್ದೇವೆ. ನಾಲ್ಕೂ ಕಾಲು ಬಿಳಿ, ಮಂಡಿಯಿಂದ ಗೊರಸಿನವರೆಗೆ ದಟ್ಟ ಕೂದಲು. ಹಗಲು ಹೊಲದಲ್ಲಿ, ರಾತ್ರಿ ಲಾಯದಲ್ಲಿ. ಸವಾರಿಯಲ್ಲಿ ಬೆವರುತ್ತಾನೆಂದು ಅಕ್ಟೋಬರಿನಲ್ಲಿ ಮೈಯ ಕೂದಲು ತೆಗೆಸಲಿದ್ದೇವೆ. ಕಾಲಿನದನ್ನೂ ತೆಗೆಸಿದರೆ ಮಡ್ ಫೀವರ್ (ಕೆಸರು, ತೇವದಿಂದ ಕಾಲಿನ ಚರ್ಮಕ್ಕೆ ತಗಲುವ ಸೋಂಕು) ಬರುವುದಿಲ್ಲ ಎನ್ನುತ್ತಾರೆ ಕೆಲವರು. ತೆಗೆಸಿದರೇ ಬರುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಈಚೆಗೆ ರಾತ್ರಿ ಹಿಂಗಾಲನ್ನು ನೆಲಕ್ಕೆ ಕುಟ್ಟುತ್ತಾನೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಕಾಲು ಕುಟ್ಟುವ ವಿಷಯ. ಕಾಲಲ್ಲಿ ದಟ್ಟ ಕೂದಲಿರುವ ಕುದುರೆ ಹೀಗೆ ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಕೋರಿಯಾಪ್ಟಿಸ್ ಎಂಬ ನುಸಿಯನ್ನು. ಚಳಿಗಾಲದಲ್ಲಿ ಇದರ ಕಾಟ ಹೆಚ್ಚು. ಒಳ್ಳೆಯ ಬೆಳಕಿನಲ್ಲಿ ಕೂದಲನ್ನು ಬಿಡಿಸಿ ಚರ್ಮ ನೋಡಿ: ಹೊಟ್ಟು, ಜಿಡ್ಡುಜಿಡ್ಡಾದ ಹಕ್ಕಳೆ, ಉಜ್ಜಿ ಕಚ್ಚಿಕೊಂಡ ಗಾಯ ಕಂಡರೆ ಪಶುವೈದ್ಯರನ್ನು ಕರೆಸಿ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ.

ನುಸಿಯೇ ಆಗಿದ್ದರೆ ಕಾಲಿನ ಕೂದಲು ತೆಗೆಸಿ, ಬೇರೆ ಯೋಚನೆ ಬೇಡ. ದಟ್ಟ ಕೂದಲ ಮೇಲೆ ಸುರಿದ ಔಷಧ ಚರ್ಮ ಮುಟ್ಟುವುದಿಲ್ಲ. ಈ ನುಸಿ ಚರ್ಮದ ಮೇಲ್ಮೈಯಲ್ಲಿ ಹೊಟ್ಟು ತಿಂದು ಬದುಕುವುದರಿಂದ ಚುಚ್ಚುಮದ್ದೊಂದರಿಂದಲೇ ಪೂರ್ತಿ ಸಾಯುತ್ತದೆ ಎನ್ನುವಂತೆಯೂ ಇಲ್ಲ. ಕತ್ತರಿಸಿದ ಕೂದಲನ್ನು ಗುಡಿಸಿ ಸುಡಬೇಕು, ಲಾಯದ ಹಾಸು ಪೂರ್ತಿ ಬದಲಿಸಬೇಕು, ಜೊತೆಯಲ್ಲಿರುವ ಕುದುರೆಗಳಿಗೂ ಔಷಧ ಮಾಡಿಸಬೇಕು. ನುಸಿ ಕುದುರೆಯ ಮೈ ಬಿಟ್ಟೂ ವಾರಗಟ್ಟಲೆ ಬದುಕುತ್ತದೆ. ಒಂದು ಸಲದ ಔಷಧಕ್ಕೆ ಸುಮ್ಮನಾದರೆ ಮೊಟ್ಟೆಯೊಡೆದು ಮತ್ತೆ ಶುರುವಾಗುತ್ತದೆ.

ನುಸಿ ಇಲ್ಲವೆಂದಾದರೆ ನಮ್ಮ ಸಲಹೆ: ಕಾಲು ಹಾಗೇ ಇರಲಿ. ಮೈಯ ಕೂದಲು ತೆಗೆಸುವುದು ಬೆವರಿನ ಕಾರಣಕ್ಕೆ. ಮಂಡಿಯ ಕೆಳಗೆ ಇರುವುದು ಎಲುಬು, ಸ್ನಾಯುರಜ್ಜು, ಚರ್ಮ ಅಷ್ಟೇ. ಮಾಂಸಖಂಡವಿಲ್ಲ, ಆ ಕಾರಣ ಅಲ್ಲಿ ಅನ್ವಯಿಸುವುದಿಲ್ಲ. ಬೇಟೆಯ ಕುದುರೆಗಳಿಗೆ ಮಾಡುವ ‘ಹಂಟರ್ ಕ್ಲಿಪ್’ನಲ್ಲೂ ಮೈಯೆಲ್ಲ ಬೋಳಿಸಿ, ಜೀನಿನ ಜಾಗ ಮತ್ತು ಕಾಲನ್ನು ಬಿಡುತ್ತಾರೆ. ಮುಳ್ಳುಬೇಲಿ, ಕೆಸರು, ಚಳಿ ಮೂರಕ್ಕೂ ಆ ಕೂದಲೇ ಕಾವಲು. ಜಿಡ್ಡಿರುವ ಉದ್ದ ಕೂದಲು ಮಳೆನೀರನ್ನು ಗೊರಸಿನ ಹಿಂದಿನ ಕುಳಿಗೆ ಬಿಡದೆ ಹರಡಿನ (ಗೊರಸಿನ ಮೇಲಿನ ಗೆಣ್ಣಿನ) ಹಿಂದಿನ ತುದಿಯಿಂದ ತೊಟ್ಟಿಕ್ಕಿಸುತ್ತದೆ.

ಹಾಗಾದರೆ ತೆಗೆಸಿ ಎನ್ನುವವರ ಮಾತು ಸುಳ್ಳೇ? ಅದೂ ಅಲ್ಲ. ಮಡ್ ಫೀವರ್ ತರುವ ಡರ್ಮಟೋಫಿಲಸ್ ಮತ್ತಿತರ ಬ್ಯಾಕ್ಟೀರಿಯಾ ಗಟ್ಟಿ ಚರ್ಮದೊಳಗೆ ನುಗ್ಗಲಾರವು. ನೆನೆದು ನೆನೆದು ಮೆತ್ತಗಾದ, ಬಿರಿದ ಚರ್ಮ ಬೇಕು. ದಟ್ಟ ಕೂದಲು ರಾತ್ರಿಯಿಡೀ ಒದ್ದೆಯಾಗಿಯೇ ಉಳಿದರೆ ಕಾವಲೇ ಶತ್ರುವಾಗುತ್ತದೆ. ಗುಲಾಬಿ ಚರ್ಮದ ಬಿಳಿ ಕಾಲಿಗಂತೂ ಅಪಾಯ ಇನ್ನೂ ಜಾಸ್ತಿ. ಎರಡು ವಾರ ಹೀಗೆ ಪರೀಕ್ಷಿಸಿ: ಬೆಳಿಗ್ಗೆ ಹೊಲಕ್ಕೆ ಬಿಡುವ ಮುನ್ನ ಬೆರಳನ್ನು ಗೊರಸಿನ ಹಿಂದಿನ ಕುಳಿಯಲ್ಲಿ ಚರ್ಮದವರೆಗೆ ತೂರಿಸಿ. ಒಣಗಿದ್ದರೆ ಕೂದಲು ಇರಲಿ. ಹೆಚ್ಚಿನ ದಿನ ತೇವವಿದ್ದರೆ, ಸಂಜೆ ಒಣಗಿಸಲು ನಿಮಗೆ ಬಿಡುವೂ ಇಲ್ಲದಿದ್ದರೆ, ಕೂದಲನ್ನು ತೆಳುಮಾಡಿಸಿ. ಪೂರ್ತಿ ಬೋಳಿಸುವುದು ಬೇಡ. ಮೊಂಡು ಕೂದಲು ಚರ್ಮದ ಮಡಿಕೆಗೆ ಚುಚ್ಚಿ ಹೊಸ ಗಾಯ ಮಾಡುತ್ತದೆ.

ತೆಳುಮಾಡುವ ಕ್ರಮ: ಎರಡು ದಿನ ಮೊದಲೇ ಕಾಲು ತೊಳೆದು ಪೂರ್ತಿ ಒಣಗಿಸಿ. ಒದ್ದೆ ಅಥವಾ ಮಣ್ಣು ತುಂಬಿದ ಕೂದಲಲ್ಲಿ ಕತ್ತರಿಸುವ ಯಂತ್ರದ ಬ್ಲೇಡ್ ಮೊಂಡಾಗಿ ಕೂದಲನ್ನು ಕೀಳುತ್ತದೆ. ಕುದುರೆ ಒದೆಯುವುದು ಆಗಲೇ. ಸುಮಾರು 3 ಮಿ.ಮೀ. ಉಳಿಸುವ ಒರಟು ಬ್ಲೇಡ್ ಹಾಕಿ, ಕೂದಲು ಮಲಗಿರುವ ದಿಕ್ಕಿಗೇ ಮೇಲಿನಿಂದ ಕೆಳಕ್ಕೆ ಓಡಿಸಿ. ಎದುರು ದಿಕ್ಕಿಗೆ ಓಡಿಸಿದರೆ ಚರ್ಮದವರೆಗೂ ಹೋಗುತ್ತದೆ. ಐದು-ಹತ್ತು ನಿಮಿಷಕ್ಕೊಮ್ಮೆ ಬ್ಲೇಡಿಗೆ ಎಣ್ಣೆ ಬಿಡಿ, ಮುಂಗೈ ಹಿಂಬದಿಗೆ ತಾಗಿಸಿ ಬಿಸಿ ನೋಡಿ. ಮುಂಗಾಲನ್ನು ಎತ್ತಿ ಮುಂದಕ್ಕೆ ಹಿಡಿದರೆ ಸ್ನಾಯುರಜ್ಜುಗಳ ನಡುವಿನ ಚರ್ಮ ಬಿಗಿಯಾಗುತ್ತದೆ. ಅಲ್ಲಿ ಗಾಯವಾಗುವುದೇ ಸಡಿಲ ಚರ್ಮ ಬ್ಲೇಡಿಗೆ ಸಿಕ್ಕಿ. ಹರಡಿನ ಹಿಂದೆ ಕೂದಲೊಳಗೆ ಅಡಗಿರುವ ಕೊಂಬಿನಂಥ ಗಂಟನ್ನು ಮೊದಲು ಕೈಯಿಂದ ಹುಡುಕಿಕೊಳ್ಳಿ. ತಲೆಗೆ ಹೆಲ್ಮೆಟ್, ವಿದ್ಯುತ್ ಸಂಪರ್ಕಕ್ಕೆ ಸೋರಿಕೆ ತಡೆಯುವ ಸ್ವಿಚ್, ಕುದುರೆ ಹಿಡಿಯಲು ಒಬ್ಬರು ದೊಡ್ಡವರು ಬೇಕೇ ಬೇಕು. ಮಗಳನ್ನು ಹಿಂಗಾಲಿನ ಬಳಿ ಕೂರಿಸಬೇಡಿ.

ಆಮೇಲೆ ರಕ್ಷಣೆಯ ಮುಲಾಮು ಹಚ್ಚುವುದಿದ್ದರೆ ಶುಚಿಯಾದ, ಒಣಗಿದ, ಗಾಯವಿಲ್ಲದ ಚರ್ಮಕ್ಕೆ ಮಾತ್ರ. ತೇವದ ಮೇಲೆ ಹಚ್ಚಿದರೆ ರೋಗವನ್ನು ಒಳಗಿಟ್ಟು ಬೀಗ ಹಾಕಿದಂತೆ. ಕಾಲು ಬಿಸಿಯಾಗಿ ಊದಿಕೊಂಡರೆ, ಕುಂಟಿದರೆ ಅದೇ ದಿನ ವೈದ್ಯರು ನೋಡಬೇಕು. ಕಾಲಿನ ಕೂದಲೂ ಸೇರಿ ಅಂದ ನೋಡುವ ಸಾಂಪ್ರದಾಯಿಕ ಕಾಬ್ ಪ್ರದರ್ಶನಕ್ಕೆ ಅವನನ್ನು ಒಯ್ಯುವ ಯೋಚನೆಯಿದ್ದರೆ ನೆನಪಿಡಿ, ಹೋದ ಕೂದಲು ಮೊದಲಿನಂತಾಗಲು ವರ್ಷವೇ ಹಿಡಿಯಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಸವಾರಿಗೆ ಇಟ್ಟಿರುವ ನಮ್ಮ ಥರೋಬ್ರೆಡ್‌ಗೂ (ರೇಸಿನ ತಳಿಯ ಕುದುರೆ) ಡಿಸೆಂಬರಿನಲ್ಲಿ ಕಾಲಿನ ಕೂದಲು ತೆಗೆಸಬೇಕೆ?

ಉತ್ತರ: ಬೇಡ. ಥರೋಬ್ರೆಡ್ ಕಾಲಿನಲ್ಲಿ ತೆಗೆಯುವಂಥದ್ದೇ ಕಡಿಮೆ. ನಿಮ್ಮ ಕುದುರೆಯ ಕಾಲಿಗೆ ಕಷ್ಟದ ಕಾಲ ಡಿಸೆಂಬರ್ ಅಲ್ಲ, ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲ. ಆಗ ಸವಾರಿ ಮುಗಿದ ಮೇಲೆ ನಾಲ್ಕೂ ಕಾಲಿಗೆ ಪೈಪಿನಲ್ಲಿ ನೀರು ಬಿಟ್ಟು ಹಾಗೇ ಲಾಯಕ್ಕೆ ಕಟ್ಟುವ ಅಭ್ಯಾಸವಿದ್ದರೆ ಬಿಡಿಸಿ. ತೊಳೆದರೆ ಟವೆಲಿನಿಂದ ಗೊರಸಿನ ಹಿಂದಿನ ಕುಳಿಯವರೆಗೂ ಒರೆಸಬೇಕು. ಅಷ್ಟು ಸಮಯವಿಲ್ಲವೆಂದರೆ ಕೆಸರು ತಾನಾಗಿ ಒಣಗಲು ಬಿಟ್ಟು ಮೆತ್ತನೆಯ ಬ್ರಶ್‌ನಿಂದ ಉದುರಿಸುವುದೇ ಮೇಲು.