ಹಳೇ ರೆಕ್ಟರಿ ಕೊಳ್ಳಬಹುದಾ ಅಂತ ಕೇಳಿದವರಿಗೆ

ಇಂಗ್ಲೆಂಡಿನ ನಾರಿಚ್‌ನಲ್ಲಿ ಕೆಲಸ ಖಾಯಂ ಆಗಿದೆ, ಬಾಡಿಗೆ ಮನೆ ಸಾಕಾಗಿದೆ, ಹತ್ತಿರದ ಹಳ್ಳಿಯಲ್ಲಿ 'ದಿ ಓಲ್ಡ್ ರೆಕ್ಟರಿ' ಅನ್ನೋ ಮನೆ, ಅಂದರೆ ಹಿಂದೆ ಊರಿನ ಪಾದ್ರಿ ಇದ್ದ ಮನೆ, ಮಾರಾಟಕ್ಕೆ ಬಂದಿದೆ ಅಂತ ಬರೆದಿದ್ದೀರಿ. ಅತ್ತೆ ಮಾವ ಬಂದು ತಿಂಗಳುಗಟ್ಟಲೆ ಇರುತ್ತಾರೆ, ಮಕ್ಕಳು ಇಬ್ಬರು. ಪಾದ್ರಿಗಳಿದ್ದ ಮನೆಯಲ್ಲಿ ನಾವು ಇದ್ದರೆ ಊರಿನವರು ಏನಂದುಕೊಳ್ಳುತ್ತಾರೋ ಅನ್ನೋ ಅಳುಕು ಬೇರೆ. ನಾನು ನಾರಿಚ್ ಇರುವ ಇದೇ ನಾರ್ಫೋಕ್ ಜಿಲ್ಲೆಯಲ್ಲಿ ಅಂಥದ್ದೇ ಮನೆಯಲ್ಲಿ ಮಕ್ಕಳನ್ನು ಬೆಳೆಸಿದವಳು. ನನ್ನ ಮಟ್ಟಿಗೆ ಕೂಡು ಕುಟುಂಬಕ್ಕೆ ಈ ದೇಶದಲ್ಲಿ ಇದಕ್ಕಿಂತ ಒಗ್ಗುವ ಮನೆ ಇಲ್ಲ. ಆದರೆ ಊರಿನ ಜೊತೆ ಬೆರೆತು ಬದುಕುವ ಮನಸ್ಸಿದ್ದರೆ ಮಾತ್ರ ಕೊಳ್ಳಿ.

ಯಾಕೆ ಅಂದರೆ, ಈ ಮನೆ ಕಟ್ಟಿದ್ದೇ ಹಾಗೆ. ಇಂಗ್ಲೆಂಡಿನಲ್ಲಿ ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದು ಚರ್ಚಿಗೆ ಸೇರಿದ ಊರಿಗೂ, ಒಬ್ಬ ಪಾದ್ರಿ ಇರುತ್ತಿದ್ದರು. ಊರಿನ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ದವಸ, ಒಣಹುಲ್ಲಿನ ದೊಡ್ಡ ಪಾಲೂ ಸಿಗುತ್ತಿದ್ದವರು ರೆಕ್ಟರ್, ಸಣ್ಣ ಪಾಲು ಮಾತ್ರ ಸಿಗುತ್ತಿದ್ದವರು ವಿಕರ್. ರೆಕ್ಟರಿಗಳು ಸಾಮಾನ್ಯವಾಗಿ ವಿಕರೇಜ್‌ಗಳಿಗಿಂತ ದೊಡ್ಡದಾಗಿರುವುದು ಇದಕ್ಕೇ. ಜೊತೆಗೆ ಗ್ಲೀಬ್ ಅನ್ನೋ ಜಮೀನೂ ಇರುತ್ತಿತ್ತು, ನಮ್ಮ ಕಡೆ ಅರ್ಚಕರಿಗೆ ಇನಾಂ ಜಮೀನು ಇರುತ್ತಿತ್ತಲ್ಲ, ಹಾಗೆ. 1776ರ ಕಾಯ್ದೆ ಬಂದಮೇಲೆ ಪಾದ್ರಿಗಳು ತಮ್ಮ ಆದಾಯದ ಮೇಲೆ ಸಾಲ ಎತ್ತಿ ಮನೆ ಕಟ್ಟಲು, ರಿಪೇರಿ ಮಾಡಲು ದಾರಿಯಾಯಿತು. 1838ರ ಇನ್ನೊಂದು ಕಾಯ್ದೆ, ಪಾದ್ರಿ ತನ್ನ ಪ್ಯಾರಿಷ್‌ನಲ್ಲೇ ವಾಸ ಇರಬೇಕು ಅನ್ನುವುದನ್ನು ಬಿಗಿ ಮಾಡಿತು. ನೀವು ನೋಡುವ ಎಷ್ಟೋ ರೆಕ್ಟರಿಗಳು 1776ರಿಂದ ಮುಂದಿನ ನೂರು ವರ್ಷದ ಆಸುಪಾಸಿನವು.

ಒಳಗೆ ಹೋದಾಗ ಮುಂಬಾಗಿಲ ಹತ್ತಿರದ ಚಿಕ್ಕ ಕೋಣೆ ಗಮನಿಸಿ. ಅದು ಪಾದ್ರಿಯ ಓದುವ ಕೋಣೆ. ಎಷ್ಟೋ ಮನೆಗಳಲ್ಲಿ ಅದಕ್ಕೆ ಬೇರೆಯೇ ಬಾಗಿಲು ಇರುತ್ತದೆ. ಮದುವೆ, ಸಾವು, ಜಗಳ, ಹಸಿವು, ಏನೇ ಇರಲಿ ಊರಿನವರು ನೇರ ಅಲ್ಲಿಗೆ ಬರುತ್ತಿದ್ದರು. ಮನೆಯವರ ಊಟ ನಿದ್ದೆಗೆ ತೊಂದರೆ ಆಗುತ್ತಿರಲಿಲ್ಲ. ನಮ್ಮಲ್ಲಿ ಆ ಕೋಣೆಯನ್ನು ಮಾವನವರಿಗೆ ಕೊಟ್ಟೆವು. ಮೆಟ್ಟಿಲು ಹತ್ತಬೇಕಾಗಿಲ್ಲ, ಹೊರಗೆ ಹೋಗಿ ಬರಲು ತಮ್ಮದೇ ಬಾಗಿಲು, ಕಿಟಕಿಯಿಂದ ದಾರಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ. ಮನೆಗೆ ಬಂದವರು ಮೊದಲು ಅವರನ್ನೇ ಮಾತಾಡಿಸಿ ಒಳಗೆ ಬರುತ್ತಿದ್ದರು.

ಅಡುಗೆಮನೆಯ ಉತ್ತರಕ್ಕೆ ಲಾರ್ಡರ್ ಇದೆಯಾ ನೋಡಿ. ಫ್ರಿಜ್ ಇಲ್ಲದ ಕಾಲದ ಉಗ್ರಾಣ, ಸ್ಲೇಟು ಕಲ್ಲಿನ ಹಲಗೆ, ಬಿಸಿಲು ತಾಗದ ಕಿಟಕಿ. ನನ್ನ ಉಪ್ಪಿನಕಾಯಿ ಜಾಡಿ, ಬೆಲ್ಲ, ಅಕ್ಕಿ ಮೂಟೆ ಎಲ್ಲಾ ಅಲ್ಲೇ. ಇಡ್ಲಿ ಹಿಟ್ಟು ಮಾತ್ರ ಅಲ್ಲಿ ಹುದುಗೋದಿಲ್ಲ. ಅದಕ್ಕೆ ಬಿಸಿನೀರಿನ ಸಿಲಿಂಡರ್ ಇರುವ ಬೀರುವೇ ಸರಿ. ಇಟ್ಟಿಗೆ ಗೋಡೆ ಸುತ್ತಿದ ತರಕಾರಿ ತೋಟ ಉಳಿದಿದ್ದರೆ ಅದೊಂದು ಭಾಗ್ಯ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಹಗಲೆಲ್ಲ ಕಾದು ಸಂಜೆಗೆ ಶಾಖ ಬಿಡುತ್ತದೆ. ಬೇಸಿಗೆಯಲ್ಲಿ ಮೆಂತ್ಯ, ಕೊತ್ತಂಬರಿ ಧಾರಾಳವಾಗಿ ಬರುತ್ತದೆ.

ಹಾಗಾದರೆ ಚರ್ಚು ಇಂಥ ಮನೆಗಳನ್ನು ಮಾರಿದ್ದು ಯಾಕೆ? ಆಳುಕಾಳಿನ ಕಾಲ ಮುಗಿಯಿತು, ಪಾದ್ರಿಗಳ ಆದಾಯ ಸಣ್ಣದಾಯಿತು, ನಾಲ್ಕೈದು ಹಳ್ಳಿ ಸೇರಿಸಿ ಒಬ್ಬರೇ ಪಾದ್ರಿ ನೋಡಿಕೊಳ್ಳುವ ಹಾಗಾಯಿತು. ಹತ್ತು ಕೋಣೆಯ ಮನೆ ಬೆಚ್ಚಗಿಡಲು ಅವರಿಂದ ಆಗಲಿಲ್ಲ. ಕಳೆದ ಶತಮಾನದಲ್ಲಿ ಒಂದೊಂದಾಗಿ ಮಾರಿ, ಪಾದ್ರಿಗೆ ಚಿಕ್ಕ ಹೊಸ ಮನೆ ಕೊಟ್ಟರು. 'ಓಲ್ಡ್' ಅನ್ನುವುದು ಹೆಸರಿಗೆ ಸೇರಿದ್ದು ಆಗಲೇ. ಎಷ್ಟೋ ಕ್ರಯಪತ್ರಗಳಲ್ಲಿ ಮನೆಯನ್ನು ಬರೀ 'ರೆಕ್ಟರಿ' ಅಂತ ಕರೆಯಬಾರದು, ಚರ್ಚಿನ ಪೂಜೆಗೆ ಅಡ್ಡಿಯಾಗುವಂತೆ ಗಲಾಟೆ ಮಾಡಬಾರದು ಅನ್ನೋ ಷರತ್ತೂ ಇರುತ್ತದೆ. ಸಾಲಿಸಿಟರ್, ಅಂದರೆ ಕ್ರಯ ನೋಡಿಕೊಳ್ಳುವ ವಕೀಲರ ಹತ್ತಿರ ಕೂತು ಅದನ್ನು ಪದ ಪದ ಓದಿ.

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ. ಮನೆ ಲಿಸ್ಟೆಡ್ ಆಗಿದ್ದರೆ, ಅಂದರೆ ಸರ್ಕಾರದ ಸಂರಕ್ಷಿತ ಹಳೇ ಕಟ್ಟಡಗಳ ಪಟ್ಟಿಯಲ್ಲಿದ್ದರೆ, ಬಹುಪಾಲು ಗ್ರೇಡ್ 2 ಇರುತ್ತದೆ, ಒಳಗಿನ ಬಾಗಿಲು, ಮೆಟ್ಟಿಲು, ಕಿಟಕಿ ಎಲ್ಲಾ ರಕ್ಷಣೆಯಲ್ಲಿರುತ್ತವೆ. ಮನೆಯ ಸ್ವರೂಪ ಬದಲಾಗುವ ಯಾವ ಕೆಲಸಕ್ಕೂ ಮೊದಲೇ ಕೌನ್ಸಿಲ್ ಒಪ್ಪಿಗೆ ಬೇಕು. ಇಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. ಒಪ್ಪಿಗೆ ಪಡೆದ ಬದಲಾವಣೆಗಳಿಗೆ ಮೊದಲು ವ್ಯಾಟ್ ಇರಲಿಲ್ಲ, 2012ರ ಅಕ್ಟೋಬರ್‌ನಿಂದ ಆ ರಿಯಾಯಿತಿಯೂ ಹೋಯಿತು. ಹಳೇ ಗೋಡೆಗೆ ಸಿಮೆಂಟ್ ಮೆತ್ತಿದ್ದಾರಾ ಅಂತ ಕಡ್ಡಾಯವಾಗಿ ನೋಡಿ. ಈ ಗೋಡೆಗಳು ಸುಣ್ಣದ ಗಾರೆಯಲ್ಲಿ ಕಟ್ಟಿದವು, ಹೀರಿದ ತೇವವನ್ನು ಹೊರಗೆ ಬಿಡುತ್ತವೆ. ಮೇಲೆ ಸಿಮೆಂಟ್ ಬಂದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿ ಉದುರಲು ಶುರುವಾಗುತ್ತದೆ. ಹಳೇ ಮನೆ ಗೊತ್ತಿರುವ ಸರ್ವೇಯರ್ ಕೈಲಿ ಪೂರ್ತಿ ಬಿಲ್ಡಿಂಗ್ ಸರ್ವೇ ಮಾಡಿಸಿ, ಅಲ್ಲಿ ಉಳಿತಾಯ ಬೇಡ. ನಮ್ಮ ಹಳ್ಳಿಗಳಲ್ಲಿ ಗ್ಯಾಸ್ ಲೈನ್ ಇಲ್ಲದಿರುವುದೇ ಜಾಸ್ತಿ, ಆಯಿಲ್ ಬಾಯ್ಲರ್. ಹೋದ ಎರಡು ಚಳಿಗಾಲದ ಎಣ್ಣೆ ಬಿಲ್ ತೋರಿಸಿ ಅಂತ ಸಂಕೋಚ ಇಲ್ಲದೆ ಕೇಳಿ.

ಚರ್ಚಿನ ಚಾನ್ಸೆಲ್, ಅಂದರೆ ಪೂಜಾವೇದಿಕೆ ಇರುವ ಭಾಗದ ರಿಪೇರಿ ಖರ್ಚು ಮೈಮೇಲೆ ಬರುತ್ತದೆ ಅಂತ ಯಾರಾದರೂ ಹೆದರಿಸುತ್ತಾರೆ. ಸುಮ್ನೆ ಹುಟ್ಟಿದ ಭಯವಲ್ಲ ಅದು. ವಾರ್ವಿಕ್‌ಷೈರ್‌ನ ಆಸ್ಟನ್ ಕ್ಯಾಂಟ್ಲೋ ಚರ್ಚಿನ ಕೇಸಿನಲ್ಲಿ 2003ರಲ್ಲಿ ಆಗ ದೇಶದ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಜಮೀನಿನ ಮಾಲೀಕರೇ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಆದರೆ ಆ ಹೊಣೆ ಅಂಟಿರುವುದು ಕೆಲವು ಜಮೀನುಗಳಿಗೆ, ಮನೆಯ ಹೆಸರಿಗಲ್ಲ. 2013ರ ಅಕ್ಟೋಬರ್ 13ರ ನಂತರ ನಿಯಮವೂ ಬದಲಾಗಿ, ದಾಖಲಾಗದ ಹೊಣೆ ದುಡ್ಡು ಕೊಟ್ಟು ಕೊಂಡವರಿಗೆ ಸಾಮಾನ್ಯವಾಗಿ ತಟ್ಟುವುದಿಲ್ಲ. ಸಾಲಿಸಿಟರ್ ಸರ್ಚ್ ಮಾಡಿಸುತ್ತಾರೆ, ಅಷ್ಟೇ.

ಇನ್ನು ಊರಿನವರ ಮಾತು. ನಮ್ಮ ತೋಟದ ಗೋಡೆಯಲ್ಲಿ ಚರ್ಚಿನ ಅಂಗಳಕ್ಕೆ ಒಂದು ಪುಟ್ಟ ಗೇಟ್ ಇದೆ. ಬೇಸಿಗೆಯ ಊರಹಬ್ಬ ಹಿಂದೆಲ್ಲ ರೆಕ್ಟರಿ ಹುಲ್ಲುಹಾಸಿನ ಮೇಲೇ ನಡೆಯುತ್ತಿತ್ತಂತೆ. ನಾವು ಬಂದ ಮೊದಲ ವರ್ಷವೇ ಹಿರಿಯ ಹೆಂಗಸೊಬ್ಬರು ಬಂದು, ಈ ಸಲವೂ ಇಲ್ಲೇ ಮಾಡಬಹುದಾ ಅಂತ ಕೇಳಿದರು. ಹೂಂ ಅಂದೆವು. ಅವರ ಕೇಕ್ ಪಕ್ಕದಲ್ಲಿ ನನ್ನ ಕೋಡುಬಳೆ ಇಟ್ಟೆ, ಮೊದಲು ಖಾಲಿಯಾಗಿದ್ದು ಅದೇ. ನಮ್ಮ ದೇವರ ಕೋಣೆ ಬಗ್ಗೆ ಇವತ್ತಿನವರೆಗೂ ಯಾರೂ ಮುಖ ಸಿಂಡರಿಸಿಲ್ಲ. ದೀಪಾವಳಿಗೆ ಪಾದ್ರಿಯಮ್ಮನೇ ಬಂದು ಒಬ್ಬಟ್ಟು ತಿಂದು ಹೋಗುತ್ತಾರೆ. ಯಾರ ಸಹವಾಸವೂ ಬೇಡ, ಎತ್ತರದ ಬೇಲಿ ಹಾಕಿಕೊಂಡು ನಮ್ಮ ಪಾಡಿಗೆ ಇರುತ್ತೇವೆ ಅನ್ನುವವರಿಗೆ ಈ ಮನೆ ಹಿಂಸೆ. ಗಂಟೆಯ ಸದ್ದೂ ಅವರಿಗೆ ಹಿಂಸೆಯೇ. ಭಾನುವಾರ ಬೆಳಿಗ್ಗೆ ಅಲ್ಲದೆ, ಎಷ್ಟೋ ಊರುಗಳಲ್ಲಿ ವಾರದ ಒಂದು ಸಂಜೆ ಗಂಟೆ ಬಾರಿಸುವ ಅಭ್ಯಾಸವೂ ನಡೆಯುತ್ತದೆ.

ಆದ್ದರಿಂದ ಎರಡನೇ ಸಲ ನೋಡಲು ಹೋಗುವಾಗ ಆ ಸಂಜೆಯೇ ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಮನೆಯ ಲಿಸ್ಟ್ ಎಂಟ್ರಿ ನಂಬರ್ ನನಗೆ ಕಳಿಸಿ. ಯಾವ ಭಾಗ ಯಾವ ಕಾಲದ್ದು ಅಂತ ಅದರಲ್ಲಿ ಬರೆದಿರುತ್ತಾರೆ, ಓದಿ ಸರ್ವೇಯರ್‌ಗೆ ಏನೇನು ಕೇಳಬೇಕು ಅಂತ ಹೇಳುತ್ತೇನೆ.