ಚಿಕ್ಕ ಮಕ್ಕಳ ಜೊತೆ ಸ್ಪೇನಿನ ಕರಾವಳಿಗೆ ಹೋಗಿ ನೆಲೆಸಬೇಕು ಅಂತಿದ್ದೇವೆ. ಯಾವ ಊರು ಒಳ್ಳೆಯದು?

ಇಬ್ಬರು ಚಿಕ್ಕ ಮಕ್ಕಳು, ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ಕೆಲಸ ಮಾಡುವ ಗಂಡ, ಬಿಸಿಲು ಬೇಕು, ಸಮುದ್ರ ಬೇಕು. ಮಾಲಗಾ ಕಡೆಗೋ ಅಲಿಕಾಂತೆ ಕಡೆಗೋ ಅಂತ ಕೇಳಿದ್ದೀರಿ. 2023ರಲ್ಲಿ ನಾನು ಕೇಳಿದ್ದೂ ಇದೇ ಪ್ರಶ್ನೆ. ಆಗ ಎಲ್ಲರೂ ಊರಿನ ಹೆಸರು ಹೇಳಿದರು. ಬಾಡಿಗೆ ಕರಾರಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಆರಿಸಿದ್ದು ತೋರ್ರೆ ದೆಲ್ ಮಾರ್. ಮಾಲಗಾದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್. ಉದ್ದಕ್ಕೆ ಮರಳು, ಅದರ ಪಕ್ಕ ತಾಳೆ ಮರದ ಸಾಲು, ಅಗಲವಾದ ಕಾಲುದಾರಿ. ರೈಲಿಲ್ಲ, ಬಸ್ಸಿದೆ. ಮಾಲಗಾದ ಲೋಕಲ್ ರೈಲು ಪಶ್ಚಿಮಕ್ಕೆ ಫುಯೆಂಖಿರೋಲಾವರೆಗೆ ಹೋಗುತ್ತದೆ, ಪೂರ್ವದವರಿಗೆ ಬಸ್ಸೇ ಗತಿ. ಸೆಪ್ಟೆಂಬರ್ ಮೊದಲ ವಾರ ಬಂದಿಳಿದೆವು. ಆ ಸೀಮೆಯಲ್ಲಿ ಮಾವು ಬೆಳೆಯುತ್ತಾರೆ, ಆಗ ಹಣ್ಣಿನ ಕಾಲ. ರಸ್ತೆ ಬದಿಯಲ್ಲಿ ಪೆಟ್ಟಿಗೆಗಟ್ಟಲೆ ಮಾವಿನಹಣ್ಣು ನೋಡಿ ನಮ್ಮ ಮನೆಯವರು ‘ಇನ್ನೇನು ಬೇಕು’ ಅಂದರು. ನನಗೂ ಹಾಗೇ ಅನ್ನಿಸಿತು. ಆ ಗುಂಗಿನಲ್ಲೇ ಒಂಬತ್ತನೇ ದಿನ ಮನೆಗೆ ಸಹಿ ಹಾಕಿದ್ದು.

ಎರಡು ಕೋಣೆ, ಬಾಲ್ಕನಿ, ಸಮುದ್ರಕ್ಕೆ ಮೂರು ನಿಮಿಷ, ತಿಂಗಳಿಗೆ 850 ಯೂರೊ. ಜಾಹೀರಾತಿನಲ್ಲಿ ‘ಶಿಕ್ಷಕರಿಗೆ ಸೂಕ್ತ’ ಅಂತ ಇತ್ತು. ಓದುವವರು, ಶಾಂತ ಸ್ವಭಾವದವರು ಬೇಕೇನೋ ಅಂದುಕೊಂಡೆ. ನಾವೂ ಶಾಂತವಾಗಿರುವವರೇ ಅಲ್ವಾ! ಅದರ ನಿಜವಾದ ಅರ್ಥ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಶಿಕ್ಷಕರು ಸೆಪ್ಟೆಂಬರ್‌ನಲ್ಲಿ ಬಂದು ಜೂನ್‌ನಲ್ಲಿ ಹೋಗುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಅದೇ ಮನೆಯನ್ನು ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡಬಹುದು.

ಕರಾರು ನಾಲ್ಕು ಪುಟ ಇತ್ತು. ತಲೆಬರಹದಲ್ಲೇ ‘ತೆಂಪೊರಾದಾ’ ಅನ್ನುವ ಪದ. ಫೋನ್ ಹಿಡಿದು ಅನುವಾದ ಮಾಡಿಸಿದೆ, ‘ಸೀಸನ್’ ಅಂತ ಬಂತು. ಸೀಸನ್ ಇಲ್ಲದಾಗಿನ ಅಗ್ಗದ ಬಾಡಿಗೆ ಇರಬೇಕು, ಒಳ್ಳೆಯದೇ ಆಯಿತು ಅಂದುಕೊಂಡು ಮುಂದಿನ ಪುಟಕ್ಕೆ ಹೋದೆ. ನನ್ನ ತಪ್ಪು ಅಷ್ಟೇ. ಹೇಳುವುದಕ್ಕೆ ಒಂದೇ ಪದ, ಆದರೆ ಬಿಡಿಸಿ ಹೇಳದಿದ್ದರೆ ನೀವೂ ಹಾಗೇ ದಾಟಿ ಹೋಗುತ್ತೀರಿ.

ಸ್ಪೇನಿನ ಬಾಡಿಗೆ ಕಾನೂನು 1994ರದ್ದು. ಅದರಲ್ಲಿ ಎರಡು ಬಗೆಯ ಕರಾರು ಇವೆ. ಒಂದು, ನೀವು ಕಾಯಂ ಆಗಿ ವಾಸ ಮಾಡುವ ಮನೆಯದು, ‘ವಿವಿಯೆಂದಾ ಅಬಿತುವಾಲ್’ ಅನ್ನುತ್ತಾರೆ. ಇದಕ್ಕೆ ಕರಾರಿನಲ್ಲಿ ಒಂದೇ ವರ್ಷ ಅಂತ ಬರೆದಿದ್ದರೂ ನೀವು ಇಷ್ಟಪಟ್ಟರೆ 5 ವರ್ಷ ಇರಬಹುದು. ಮಾಲೀಕರು ಕಂಪನಿಯಾಗಿದ್ದರೆ 7 ವರ್ಷ. 2019ರ ಮಾರ್ಚ್‌ನಿಂದ ಈ ನಿಯಮ ಇದೆ. ಮಾಲೀಕರಿಗೇ ವಾಸಕ್ಕೆ ಬೇಕಾದರೆ ಅಂತ ಒಂದು ವಿನಾಯಿತಿ ಇದೆ, ಅದನ್ನು ಕರಾರಿನಲ್ಲೇ ಬರೆದಿರಬೇಕು. ನಿಮಗೆ ಬೇಡವಾದರೆ ಆರು ತಿಂಗಳ ನಂತರ ಮೂವತ್ತು ದಿನ ಮೊದಲು ತಿಳಿಸಿ ಹೊರಡಬಹುದು. ಒಟ್ಟಿನಲ್ಲಿ ಬಾಡಿಗೆದಾರರ ಪರವಾಗಿರುವ ಕರಾರು.

ಇನ್ನೊಂದು ತೆಂಪೊರಾದಾ. ಓದಲು ಬಂದವರಿಗೆ, ಕೆಲವು ತಿಂಗಳ ಕೆಲಸಕ್ಕೆ ಬಂದವರಿಗೆ. ಇದಕ್ಕೆ ಆ 5 ವರ್ಷದ ರಕ್ಷಣೆ ಇಲ್ಲ. ದಿನಾಂಕ ಮುಗಿದರೆ ಮನೆ ಖಾಲಿ ಮಾಡಬೇಕು.

ಸುಳಿವುಗಳೇನೂ ಕಮ್ಮಿ ಇರಲಿಲ್ಲ. ಕಾಯಂ ವಾಸದ ಮನೆಗೆ ಕಾನೂನಿನ ಠೇವಣಿ ಒಂದು ತಿಂಗಳ ಬಾಡಿಗೆ. ಮೇಲೆ ಗ್ಯಾರಂಟಿ ಅಂತ ಇನ್ನೆರಡು ತಿಂಗಳದ್ದು ಕೇಳಬಹುದು, ಅದು ಬೇರೆ. ತೆಂಪೊರಾದಾಕ್ಕೆ ಠೇವಣಿಯೇ ಎರಡು ತಿಂಗಳು. ನಮ್ಮಿಂದ ಎರಡು ತಿಂಗಳದ್ದು, 1,700 ಯೂರೊ ತೆಗೆದುಕೊಂಡರು. ‘ವಿದೇಶಿಯರು ಅಂತ ಜಾಸ್ತಿ ಕೇಳ್ತಿದ್ದಾರೆ’ ಅಂತ ರೇಗಿದೆನೇ ಹೊರತು ಯಾಕೆ ಅಂತ ಕೇಳಲಿಲ್ಲ. ಕಾಯಂ ವಾಸದ ಮನೆಯಾದರೆ ದಲ್ಲಾಳಿ ಕಮಿಷನ್ ಮಾಲೀಕರೇ ಕೊಡಬೇಕು, 2023ರ ಮೇ ತಿಂಗಳಿಂದ ಹಾಗೆ. ನಾವು ಒಂದು ತಿಂಗಳ ಬಾಡಿಗೆ ಮತ್ತು ಅದರ ಮೇಲೆ 21 ಪರ್ಸೆಂಟ್ ತೆರಿಗೆ, 1,028 ಯೂರೊ ಚಿಲ್ಲರೆ ಎಣಿಸಿಕೊಟ್ಟೆವು. ಮೂರನೇ ಪುಟದಲ್ಲಿ ‘ಬಾಡಿಗೆದಾರರ ಕಾಯಂ ವಾಸ ಬೇರೆ ಕಡೆ ಇದೆ’ ಅನ್ನುವ ವಾಕ್ಯ ಇತ್ತು. ನಾವೇನು, ನಿಜವಾಗಿಯೂ ಬೇರೆ ಕಡೆಯಿಂದ ಬಂದವರಲ್ಲವೇ ಅಂತ ಅದರ ಕೆಳಗೂ ಸಹಿ ಹಾಕಿದೆ. ಕೊನೆಯ ದಿನಾಂಕ ಜೂನ್ 15. ಅದನ್ನು ನೋಡಿದ್ದೆ. ಅಷ್ಟರೊಳಗೆ ಮಾತಾಡಿ ಮುಂದುವರಿಸಿದರಾಯಿತು ಅನ್ನುವ ಧೈರ್ಯ.

ಚಳಿಗಾಲ ಹೇಗೋ ಕಳೆಯಿತು. ಹೇಗೋ ಅನ್ನುವುದಕ್ಕೆ ಕಾರಣ ಇದೆ. ಅಲ್ಲಿನ ಮನೆಗಳನ್ನು ಬೇಸಿಗೆಗೆ ಅಂತಲೇ ಕಟ್ಟಿದ್ದಾರೆ. ನೆಲಕ್ಕೆಲ್ಲ ಟೈಲ್ಸ್, ತೆಳು ಗಾಜಿನ ಕಿಟಕಿ, ಹೀಟಿಂಗ್ ಇಲ್ಲ. ಜನವರಿ ಮಧ್ಯಾಹ್ನ ಹೊರಗೆ 18 ಡಿಗ್ರಿ ಬಿಸಿಲು, ಮನೆಯೊಳಗೆ 14. ನಾವು ಬೆಚ್ಚಗಾಗಲು ಹೊರಗೆ ಹೋಗುತ್ತಿದ್ದೆವು! ಬ್ಯುಟೇನ್ ಗ್ಯಾಸಿನ ಕಿತ್ತಳೆ ಬಣ್ಣದ ಸಿಲಿಂಡರ್ ಹೊತ್ತು ತಂದು ಹೀಟರ್ ಹಚ್ಚಿದರೆ ಆ ಗ್ಯಾಸ್ ಉರಿದ ಹಬೆಯೆಲ್ಲ ಗೋಡೆಗೆ ಹೋಗಿ ಕೂರುತ್ತದೆ. ಫೆಬ್ರವರಿಯಲ್ಲಿ ಮಗಳ ಬಟ್ಟೆಯ ಬೀರು ಸರಿಸಿದೆ. ಹಿಂದಿನ ಗೋಡೆಯ ಮೇಲೆ ಕಪ್ಪು ಬೂಷ್ಟು, ಬೀರುವಿನ ಆಕಾರಕ್ಕೆ ಸರಿಯಾಗಿ, ಅಳತೆ ತೆಗೆದು ಬಳಿದ ಹಾಗೆ. ಸಾಲದ್ದಕ್ಕೆ ಆ ವರ್ಷ ಬರಗಾಲ. ಆ ಸೀಮೆಗೆ ನೀರು ಕೊಡುವ ಲಾ ವಿನ್ಯುವೇಲಾ ಜಲಾಶಯದಲ್ಲಿ ಹತ್ತು ಪರ್ಸೆಂಟ್ ನೀರೂ ಇರಲಿಲ್ಲ. ರಾತ್ರಿ ನಲ್ಲಿ ಬಂದ್. ಮರಳು ತೊಳೆದುಕೊಳ್ಳುವ ಶವರ್‌ಗಳೂ ಬಂದ್.

ಆದರೆ ಮಗನ ಶಾಲೆ ಚೆನ್ನಾಗಿತ್ತು. ಐದು ವರ್ಷದವನು, ಸರ್ಕಾರಿ ಶಾಲೆ, ಫೀಸಿಲ್ಲ, ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ. ಮೂರು ತಿಂಗಳು ಅಲ್ಲಿ ಬಾಯೇ ಬಿಡಲಿಲ್ಲ. ಟೀಚರ್ ‘ಬಿಡಿ, ಕೇಳಿಸಿಕೊಳ್ಳುತ್ತಿದ್ದಾನೆ’ ಅಂದರು. ಡಿಸೆಂಬರ್‌ನಲ್ಲಿ ಒಂದು ದಿನ ಜಾರುಬಂಡೆಯ ಮುಂದೆ ನಿಂತು, ಅಡ್ಡ ಬಂದ ಹುಡುಗನ ಎದೆಗೆ ಕೈ ಇಟ್ಟು ‘ಮೆ ತೋಕಾ’ ಅಂದ. ನನ್ನ ಸರದಿ ಅಂತ. ಸ್ಪ್ಯಾನಿಷ್‌ನಲ್ಲಿ ಅವನ ಮೊದಲ ಮಾತೇ ಜಗಳದ್ದು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮಾರ್ಚ್ ತಿಂಗಳಿಡೀ ಆಂದಲೂಸಿಯಾದಲ್ಲಿ, ಅಂದರೆ ಮಾಲಗಾ ಸೇರಿರುವ ಪ್ರಾಂತ್ಯದಲ್ಲಿ, ಶಾಲೆಗೆ ಅರ್ಜಿ ಹಾಕುವ ಕಾಲ. ಮಗಳಿಗೆ ಆ ವರ್ಷ ಮೂರು ತುಂಬುತ್ತಿತ್ತು, ಸೆಪ್ಟೆಂಬರ್‌ಗೆ ಸೇರಿಸಬಹುದು. ಮನೆ ಹತ್ತಿರ ಇದ್ದರೆ ಅಂಕ, ಅಣ್ಣ ಅದೇ ಶಾಲೆಯಲ್ಲಿದ್ದರೆ ಇನ್ನಷ್ಟು ಅಂಕ. ಸೀಟು ಸಿಕ್ಕಿತು. ಇಬ್ಬರೂ ಒಂದೇ ಗೇಟಿನೊಳಗೆ ಹೋಗುತ್ತಾರೆ ಅಂತ ನೆಮ್ಮದಿಯಾಗಿದ್ದೆ.

ಏಪ್ರಿಲ್‌ನಲ್ಲಿ ಮಾಲೀಕರಿಂದ ಮೆಸೇಜು. ‘ಜೂನ್ 15ಕ್ಕೆ ಬೀಗದ ಕೈ ಯಾರ ಹತ್ತಿರ ಕೊಡುತ್ತೀರಿ?’ ಸಿಟ್ಟಿಲ್ಲ, ದಬಾವಣೆ ಇಲ್ಲ. ಅವರ ಮಟ್ಟಿಗೆ ಮಾತು ಮೊದಲೇ ಆಗಿತ್ತಲ್ಲ. ಬಾಡಿಗೆ ಜಾಸ್ತಿ ಕೊಡುತ್ತೇವೆ ಅಂದೆವು. ಆಗಸ್ಟ್‌ನಲ್ಲಿ ಒಂದು ವಾರಕ್ಕೆ ಎಷ್ಟು ಬರುತ್ತದೆ ಅಂತ ಅವರು ಹೇಳಿದ್ದು ಕೇಳಿ ಸುಮ್ನೆ ಫೋನ್ ಇಟ್ಟೆ. ನಮ್ಮ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಆ ಊರಿನಲ್ಲಿ ಬೇರೆ ಮನೆ ಹುಡುಕಿದೆವು. ಇದ್ದವೆಲ್ಲ ‘ಸೆಪ್ಟೆಂಬರ್‌ನಿಂದ ಜೂನ್’. ಶಾಲೆ ಮುಗಿಯಲು ಇನ್ನೊಂದು ವಾರ ಇರುವಾಗ ಮನೆ ಖಾಲಿ ಮಾಡಿ, ಬೆಟ್ಟದ ಮೇಲಿನ ಒಂದು ಹಳ್ಳಿಗೆ ಹೋದೆವು. ಕಾರು ನಿಲ್ಲಿಸಿದ ಜಾಗದಿಂದ ಮನೆಗೆ 64 ಮೆಟ್ಟಿಲು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹತ್ತುವಾಗ ಎಣಿಸಿದ್ದು. ಸೆಪ್ಟೆಂಬರ್‌ಗೆ ಮಾಲಗಾ ನಗರದಲ್ಲಿ ಮನೆ ಸಿಕ್ಕಿತು. ಅಷ್ಟು ಹೊತ್ತಿಗೆ ಶಾಲೆಗಳಲ್ಲಿ ಉಳಿದಿದ್ದು ಅಲ್ಲೊಂದು ಇಲ್ಲೊಂದು ಸೀಟು. ಮಗ ಒಂದು ಶಾಲೆ, ಮಗಳು ಇನ್ನೊಂದು ಶಾಲೆ, ಎರಡಕ್ಕೂ ಬೆಲ್ ಒಂಬತ್ತಕ್ಕೇ. ಹೊಸ ಶಾಲೆಯಲ್ಲಿ ಮಗ ಮತ್ತೆ ಎರಡು ತಿಂಗಳು ಮಾತು ಬಿಟ್ಟ. ಈ ಸಲ ಭಾಷೆ ಬರದೆ ಅಲ್ಲ. ದುಡ್ಡಿನ ನಷ್ಟ ಎಷ್ಟು ಅಂತ ಲೆಕ್ಕ ಹಾಕಿದ್ದೇನೆ, ಇದನ್ನು ಹೇಗೆ ಹಾಕಲಿ?

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಮೇಲೆ ವಕೀಲರನ್ನು ಕಂಡೆವು. ಕರಾರಿನ ಹೆಸರು ಏನಿದ್ದರೂ ಮನೆಯನ್ನು ನಿಜವಾಗಿ ಯಾತಕ್ಕೆ ಬಳಸಿದಿರಿ ಅನ್ನುವುದೇ ಮುಖ್ಯ ಅಂದರು. ಮಗು ಅಲ್ಲೇ ಶಾಲೆಗೆ ಹೋಗುತ್ತಿತ್ತು, ನಗರಸಭೆಯ ನಿವಾಸಿಗಳ ಪಟ್ಟಿಯಲ್ಲಿ ನಮ್ಮ ಹೆಸರು ಅದೇ ವಿಳಾಸಕ್ಕೆ ಇತ್ತು. ಮನೆಯಲ್ಲಿದ್ದುಕೊಂಡೇ ವಾದ ಮಾಡಬಹುದಿತ್ತು. ಬಿಟ್ಟು ಬಂದವರಿಗೆ, ಅದೂ ‘ಕಾಯಂ ವಾಸ ಬೇರೆ ಕಡೆ’ ಅಂತ ಸಹಿ ಹಾಕಿದವರಿಗೆ, ಅದು ಕಷ್ಟ.

ಈಗ ನಿಮ್ಮ ಪ್ರಶ್ನೆ. ‘ಯಾವ ಊರು’ ಅನ್ನುವುದನ್ನೇ ಬಿಟ್ಟುಬಿಡಿ. ‘ಮಕ್ಕಳಿಗೆ ಬಿಸಿಲು ಒಳ್ಳೆಯದು’ ಅನ್ನುವುದನ್ನೂ ಅಷ್ಟು ನೆಚ್ಚಿಕೊಳ್ಳಬೇಡಿ. ಮಾಲಗಾದಲ್ಲಿ ತೆರ್ರಾಲ್ ಅಂತ ಒಳನಾಡಿನಿಂದ ಒಂದು ಬಿಸಿಗಾಳಿ ಬೀಸುತ್ತದೆ. ಆ ದಿನಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ, ಮಕ್ಕಳನ್ನು ಮನೆಯೊಳಗೇ ಕೂಡಿ ಹಾಕಬೇಕು. ಸಮುದ್ರವಾದರೂ ಬೆಚ್ಚಗಿದೆಯಾ ಅಂದರೆ, ಅಟ್ಲಾಂಟಿಕ್ ನೀರು ಒಳಗೆ ಬರುವ ಜಾಗ ಅದು, ಜುಲೈಯಲ್ಲೂ ಕಾಲಿಟ್ಟರೆ ಝುಂ ಅನ್ನುತ್ತದೆ. ನಾವು ಮರಳಿನಲ್ಲಿ ಜಾಸ್ತಿ ಆಡಿದ್ದು ನವೆಂಬರ್‌ನಲ್ಲಿ.

ಮೊದಲು ಶಾಲೆ, ಅದರ ಸುತ್ತ ಮನೆ, ಸಮುದ್ರ ಆಮೇಲೆ. ಹುಡುಕಲು ಹೋಗುವುದಾದರೆ ಜನವರಿಯಲ್ಲಿ ಹೋಗಿ, ಬೇಸಿಗೆಯಲ್ಲಿ ಬೇಡ. ಯಾವುದಾದರೂ ಮಂಗಳವಾರ ರಾತ್ರಿ ಎಂಟಕ್ಕೆ ಆ ಕಟ್ಟಡದ ಎದುರು ನಿಂತು ಎಷ್ಟು ಕಿಟಕಿಯಲ್ಲಿ ದೀಪ ಇದೆ ಅಂತ ಎಣಿಸಿ. ನಮ್ಮ ಹಳೇ ಕಟ್ಟಡದಲ್ಲಿ 40 ಮನೆ, ದೀಪ ಇರುತ್ತಿದ್ದುದು ಏಳರಲ್ಲಿ. ನಿಮ್ಮ ಮಕ್ಕಳಿಗೆ ಜೊತೆ ಸಿಗುವುದು ದೀಪ ಇರುವ ಮನೆಗಳಲ್ಲಿ ಮಾತ್ರ. ಬೀರುವಿನ ಹಿಂದೆ ಕೈ ಹಾಕಿ ಗೋಡೆ ಮುಟ್ಟಿ ನೋಡಿ, ಮಾಲೀಕರು ಏನಾದರೂ ಅಂದುಕೊಳ್ಳಲಿ. ಕರಾರಿನಲ್ಲಿ ತೆಂಪೊರಾದಾ ಅಂತ ಕಂಡರೆ, ಎಷ್ಟೇ ಚೆಂದದ ಬಾಲ್ಕನಿ ಇರಲಿ, ಎದ್ದು ಬನ್ನಿ. ಮೊದಲ ಒಂದು ತಿಂಗಳು ಪ್ರವಾಸಿ ಮನೆಯಲ್ಲಿ ಜಾಸ್ತಿ ಕೊಟ್ಟು ಇರಿ, ಪರವಾಗಿಲ್ಲ. ನಾವು ಆ ದುಡ್ಡು ಉಳಿಸಲು ಹೋಗಿಯೇ ಒಂಬತ್ತು ದಿನದಲ್ಲಿ ಸಹಿ ಹಾಕಿದ್ದು.

ಅಲಿಕಾಂತೆ ಕಡೆ ಹೋದರೆ ಶಾಲೆಗಳಲ್ಲಿ ಸ್ಪ್ಯಾನಿಷ್ ಜೊತೆಗೆ ವಲೆನ್ಸಿಯನ್ ಭಾಷೆಯೂ ಇರುತ್ತದೆ. ಮಕ್ಕಳು ಕಲಿಯುತ್ತಾರೆ. ಹೋಂವರ್ಕ್ ಹೊತ್ತಿಗೆ ಪೇಚಾಡುವವರು ನೀವು.

ವೀಸಾ ಬಗ್ಗೆ ಒಂದೇ ಮಾತು. ನಮ್ಮದು 2022ರ ಡಿಸೆಂಬರ್‌ನ ಕಾನೂನಿನಲ್ಲಿ ಬಂದ, ದೂರದಿಂದ ಕೆಲಸ ಮಾಡುವವರ ವೀಸಾ. ಅಲ್ಲಿನ ಕನಿಷ್ಠ ವೇತನದ ಎರಡರಷ್ಟು ಆದಾಯ ತೋರಿಸಬೇಕು. ಸಂಗಾತಿಗೆ ಆ ಕನಿಷ್ಠ ವೇತನದ 75 ಪರ್ಸೆಂಟ್, ಒಂದೊಂದು ಮಗುವಿಗೆ 25 ಪರ್ಸೆಂಟ್ ಸೇರಿಸಿಕೊಳ್ಳಿ. ಬಂದ ಮೇಲೆ ಎಲ್ಲ ಕಚೇರಿಗೂ ‘ಸೀತಾ ಪ್ರೇವಿಯಾ’ ಬೇಕು. ಮೊದಲೇ ಪಡೆಯುವ ಅಪಾಯಿಂಟ್‌ಮೆಂಟ್‌ಗೆ ಹಾಗನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಈ ಸೀತೆಯನ್ನೂ ಲಂಕೆವರೆಗೆ ಹುಡುಕಬೇಕು. ಬೆಳಗಿನ ಜಾವ ವೆಬ್‌ಸೈಟ್ ತೆರೆದು ಕೂತರೆ ಒಮ್ಮೊಮ್ಮೆ ಸಿಗುತ್ತದೆ.

ನಾವು ಈಗ ಮಾಲಗಾದಲ್ಲೇ ಇದ್ದೇವೆ, ಸಮುದ್ರಕ್ಕೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಹೋದ ವರ್ಷ ಮಗಳಿಗೆ ಅಣ್ಣನ ಶಾಲೆಯಲ್ಲೇ ಸೀಟು ಸಿಕ್ಕಿತು. ಆಗಸ್ಟ್ ಕೊನೆಗೆ ಹಳೇ ಮನೆಯ ಜಾಹೀರಾತು ಮತ್ತೆ ಕಣ್ಣಿಗೆ ಬೀಳುತ್ತದೆ. ಅದೇ ಬಾಲ್ಕನಿ, ಅದೇ ‘ಶಿಕ್ಷಕರಿಗೆ ಸೂಕ್ತ’. ಫೋಟೋದಲ್ಲಿರುವ ಹಳದಿ ಪರದೆ ಮಾತ್ರ ನಾನು ಹೊಲಿದದ್ದು, ಅವಸರದಲ್ಲಿ ಬಿಚ್ಚಿಕೊಂಡು ಬರಲು ಮರೆತಿದ್ದೆ.